ಸಲೈನ್ ಚೀಲ ಎಷ್ಟು ಎತ್ತರದಲ್ಲಿದೆ?

"ಇನ್ನೊಂದು ಗೇಣು ಮ್ಯಾಲ ಏರಸ್ರಿ."

ಕಿಡ್ನಿ ಹರಳಿನ ಆಪರೇಷನ್ ನಡೆಯುವಾಗ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನನ್ನ ಕಿವಿಗೆ ಹೆಚ್ಚು ಸಲ ಬೀಳುವ ಮಾತಿದು. ಸರ್ಜನ್ನರ ಕಣ್ಣು ಪರದೆಯ ಮೇಲಿರುತ್ತದೆ. ಲೇಸರ್ ತಾಗಿದ ಹರಳಿನಿಂದ ಬೂದಿಯಂಥ ಪುಡಿ ಎದ್ದು ಅಲ್ಲೆಲ್ಲ ಮಂಜು ಕವಿದಿರುತ್ತದೆ. ನಾನು ಸ್ಟ್ಯಾಂಡಿನ ತಿರುಪು ಸಡಿಲಿಸಿ, 3 ಲೀಟರಿನ ಸಲೈನ್ ಚೀಲವನ್ನು ಒಂದು ಗೇಣು ಎತ್ತಿ ಮತ್ತೆ ಬಿಗಿ ಮಾಡುತ್ತೇನೆ. ನೋಡನೋಡುತ್ತಿದ್ದಂತೆ ಪರದೆ ತಿಳಿಯಾಗುತ್ತದೆ, ಹರಳಿನ ಹಳದಿ ಅಂಚು ಮತ್ತೆ ಕಾಣಿಸುತ್ತದೆ, ಕೆಲಸ ಮುಂದುವರಿಯುತ್ತದೆ.

ಆ ಒಂದು ಗೇಣಿನಿಂದ ಕಿಡ್ನಿಯೊಳಗೆ ಏನಾಯಿತು ಎಂಬುದು ಮಾತ್ರ ಯಾವ ಪರದೆಯಲ್ಲೂ ಕಾಣುವುದಿಲ್ಲ. ರೋಗಿಯ ಬಿ.ಪಿ. ಕಾಣುತ್ತದೆ, ನಾಡಿ ಕಾಣುತ್ತದೆ, ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣ ಕಾಣುತ್ತದೆ. ಯಾವ ಅಂಗದೊಳಗೆ ಕೆಲಸ ನಡೆದಿದೆಯೋ ಅದರೊಳಗಿನ ನೀರಿನ ಒತ್ತಡವನ್ನು ಮಾತ್ರ, ನಾನು ಕೆಲಸ ಮಾಡಿದ ಓಟಿಗಳಲ್ಲೆಲ್ಲ, ಅಂದಾಜಿನ ಮೇಲೆಯೇ ನಡೆಸಿಕೊಂಡು ಬಂದಿದ್ದೇವೆ. ಹುಬ್ಬಳ್ಳಿಯಲ್ಲಿ ಓಟಿ ಟೆಕ್ನಿಷಿಯನ್ ಆಗಿ ಆ ಸ್ಟ್ಯಾಂಡಿನ ಪಕ್ಕ ನಿಂತೇ ನನ್ನ ಅರ್ಧ ಆಯುಷ್ಯ ಹೋಗಿದೆ. ಹೊರಗಿನ ಬೆಂಚಿನ ಮೇಲೆ ಕೂತ ಸಂಬಂಧಿಕರು ಕೇಳುವುದು ಎರಡೇ ಪ್ರಶ್ನೆ: "ತೂತು ಎಷ್ಟು ಸಣ್ಣದರೀ?", "ಲೇಸರ್ ಹೊಸಾದೇನ್ರೀ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ರೋಗಿ ಆ ರಾತ್ರಿ ಆರಾಮಾಗಿ ಮಲಗುತ್ತಾನೋ, ಚಳಿ ಹತ್ತಿ ಗಡಗಡ ನಡುಗುತ್ತಾನೋ ಎಂಬುದನ್ನು ಬಹಳ ಸಲ ನಿರ್ಧರಿಸುವುದು ಮೂರನೆಯ ಸಂಗತಿ. ಒಳಗೆ ಬಿಟ್ಟ ನೀರು ಎಷ್ಟು ಸಲೀಸಾಗಿ ಹೊರಗೆ ಬಂತು ಎಂಬುದು.

ನೀರು ಯಾಕೆ ಬೇಕು

ಕಿಡ್ನಿಯ ಒಳಗಿನ ಖಾಲಿ ಜಾಗ ಸಾಮಾನ್ಯವಾಗಿ ಗೋಡೆಗಳು ಒಂದಕ್ಕೊಂದು ಅಂಟಿಕೊಂಡ ಚೀಲದಂತಿರುತ್ತದೆ. ನೀರು ಬಿಟ್ಟರೆ ಮಾತ್ರ ಅದು ತೆರೆದುಕೊಳ್ಳುತ್ತದೆ, ಕ್ಯಾಮೆರಾಕ್ಕೆ ಏನಾದರೂ ಕಾಣುತ್ತದೆ. ರಕ್ತದ ಹನಿ, ಹರಳಿನ ಪುಡಿ ಎಲ್ಲವನ್ನೂ ತೊಳೆದು ಸಾಗಿಸಬೇಕಾದದ್ದು ಆ ನೀರೇ. ಲೇಸರ್‌ನ ಬಿಸಿಯನ್ನು ಹೊತ್ತೊಯ್ಯುವುದೂ ಅದೇ. ಬರೀ ಶುದ್ಧ ನೀರು ಬಿಡುವಂತಿಲ್ಲ. ಅದು ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳು ಉಬ್ಬಿ ಒಡೆಯುತ್ತವೆ. ಅದಕ್ಕೇ ಲೀಟರಿಗೆ 9 ಗ್ರಾಂ ಉಪ್ಪಿರುವ ನಾರ್ಮಲ್ ಸಲೈನ್, ಅಂದರೆ ನಮ್ಮ ಕಡೆ ಎಲ್ಲರೂ "ಸಲಾಯಿನ್" ಎನ್ನುವ ಅದೇ ದ್ರವ.

ಬೆನ್ನಿನಿಂದ ದಾರಿ ಮಾಡಿ ಹರಳು ತೆಗೆಯುವ ಪಿಸಿಎನ್ಎಲ್‌ನಲ್ಲಿ, ಹರಳು ದೊಡ್ಡದಿದ್ದರೆ, ಹತ್ತು ಲೀಟರ್ ಸಲೈನ್ ಮುಗಿಯುವುದು ವಿಶೇಷವೇನಲ್ಲ. ಆದರೆ ಅಷ್ಟೂ ನೀರು ಹಾದು ಹೋಗುವ ಜಾಗ, ಅಂದರೆ ಕಿಡ್ನಿಯೊಳಗೆ ಮೂತ್ರ ಬಂದು ಸೇರುವ ಆಲಿಕೆಯಂಥ ಕೋಣೆ, ಹಿಡಿಯುವುದು ಸುಮಾರು 5ರಿಂದ 10 ಮಿಲಿಲೀಟರ್. ಎರಡು ಟೀ ಚಮಚದಷ್ಟು! ಹತ್ತು ಲೀಟರ್ ನೀರು ಎರಡು ಚಮಚದ ಕೋಣೆಯನ್ನು ಹಾದು ಹೊರಬೀಳಬೇಕು. ಹೊರಗೆ ಹೋಗುವ ದಾರಿ ಒಂದು ಅರೆಗಳಿಗೆ ಕಟ್ಟಿದರೂ ಒಳಗೆ ಒತ್ತಡ ಏರುತ್ತದೆ.

ಆ ಒತ್ತಡ ಎಷ್ಟಾಗಬಹುದು ಎಂದು ತಿಳಿಯಲು ನಿಮ್ಮ ಓಣಿಯ ನೀರಿನ ಟಾಕಿಯನ್ನು ನೆನಪಿಸಿಕೊಂಡರೆ ಸಾಕು. ದಿನಗಟ್ಟಲೆ ಕಾದು ನಳ ಬರುವ ಹುಬ್ಬಳ್ಳಿ-ಧಾರವಾಡದ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಳದಲ್ಲಿ ನೀರು ಎಷ್ಟು ಜೋರಾಗಿ ಬರುತ್ತದೆ ಎಂಬುದು ಟಾಕಿ ಎಷ್ಟು ದೊಡ್ಡದು ಎಂಬುದರಿಂದ ತೀರ್ಮಾನವಾಗುವುದಿಲ್ಲ, ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಆಗುತ್ತದೆ. ನಳ ಬಿಟ್ಟಾಗ ಆ ಜೋರಿನ ಸ್ವಲ್ಪ ಭಾಗ ಪೈಪಿನ ಉದ್ದಕ್ಕೂ ಸವೆದು ಹೋಗುತ್ತದೆ. ನಳ ಮುಚ್ಚಿದರೆ ಟಾಕಿಯ ಅಷ್ಟೂ ಎತ್ತರ ನಳದ ಬಾಯಿಯ ಮೇಲೆ ಬಂದು ಕೂರುತ್ತದೆ.

ಓಟಿಯಲ್ಲಿ ಚೀಲವೇ ಟಾಕಿ. ಬಿ.ಪಿ. ಅಳೆಯುವ ಮಾನದಲ್ಲೇ, ಅಂದರೆ ಪಾದರಸದ ಮಿಲಿಮೀಟರುಗಳಲ್ಲೇ ಲೆಕ್ಕ ಹಾಕೋಣ. ಚೀಲದಲ್ಲಿನ ನೀರಿನ ಮಟ್ಟ ಕಿಡ್ನಿಯಿಂದ 40 ಸೆಂಟಿಮೀಟರ್ ಮೇಲಿದ್ದರೆ ಸುಮಾರು 30. ಒಂದು ಮೀಟರ್ ಮೇಲಿದ್ದರೆ ಸುಮಾರು 74. ನಾನು ಏರಿಸಿದ ಆ ಒಂದು ಗೇಣಿಗೆ, 20 ಸೆಂಟಿಮೀಟರ್ ಎಂದು ಹಿಡಿದರೆ, 15ರಷ್ಟು ಏರಿಕೆ. ನೀರು ಸಲೀಸಾಗಿ ಹೊರಬೀಳುತ್ತಿದ್ದರೆ ಕಿಡ್ನಿಗೆ ಇದರ ಒಂದು ಪಾಲು ಮಾತ್ರ ತಗಲುತ್ತದೆ. ಹೊರದಾರಿ ಕಟ್ಟಿತೋ, ಚೀಲದ ಎತ್ತರವೆಲ್ಲ ಕಿಡ್ನಿಯ ಗೋಡೆಯ ಮೇಲೆ.

ಇದು ತೂಗುಹಾಕಿದ ಚೀಲದ ಮಾತಾಯಿತು. ಚೀಲಕ್ಕೆ ಬಿ.ಪಿ. ಪಟ್ಟಿಯಂಥ ಪ್ರೆಶರ್ ಬ್ಯಾಗ್ ಸುತ್ತಿ ಗಾಳಿ ತುಂಬುವುದುಂಟು. ಸಿರಿಂಜಿನಿಂದಲೋ ಕೈಪಂಪಿನಿಂದಲೋ ಸಹಾಯಕರು ನೀರು ಒತ್ತುವುದೂ ಉಂಟು. ಆ ಸಿರಿಂಜು ನನ್ನ ಕೈಯಲ್ಲೂ ಇತ್ತು. ಹೆಬ್ಬೆರಳಿನ ಜೋರು ಎಷ್ಟೆಂದು ಯಾರೂ ಅಳೆದಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಡೆನ್ಮಾರ್ಕಿನ ವೈದ್ಯರು ಕಿಡ್ನಿಯೊಳಗೇ ಮಾಪಕವಿಟ್ಟು ಅಳೆದು 2015ರಲ್ಲಿ ಪ್ರಕಟಿಸಿದ ಅಂಕಿಗಳನ್ನು ಒಬ್ಬ ಸರ್ಜನ್ ನನಗೆ ತೋರಿಸಿದ ದಿನ ಎದೆ ಝಲ್ಲೆಂದಿತು. ಸುಮ್ಮನಿದ್ದಾಗ 10ರ ಆಸುಪಾಸಿನಲ್ಲಿದ್ದ ಒತ್ತಡ, ಜೋರಾಗಿ ನೀರು ಒತ್ತಿದ ಕ್ಷಣಗಳಲ್ಲಿ 300ನ್ನೂ ದಾಟಿತ್ತು.

ಹಿಂದಕ್ಕೆ ಹರಿಯುವ ನೀರು

ಮೂತ್ರ ರಕ್ತದಿಂದ ಸೋಸಿ ಇಳಿದು ಬರುತ್ತದೆ. ಆ ದಾರಿ ಒಮ್ಮುಖವೆಂದೇ ನಾವು ತಿಳಿದಿರುತ್ತೇವೆ. ಒತ್ತಡ ಏರಿದರೆ ಹಾಗಿರುವುದಿಲ್ಲ. 1926ರಲ್ಲೇ ಅಮೆರಿಕದ ಹಿನ್‌ಮನ್ ಮತ್ತು ರೆಡ್‌ವಿಲ್ ಎಂಬ ವೈದ್ಯರು ಕಿಡ್ನಿಯ ಕೋಣೆಯಿಂದ ರಕ್ತನಾಳಕ್ಕೆ ದ್ರವ ಹಿಮ್ಮುಖವಾಗಿ ಹರಿಯುವುದನ್ನು ವಿವರಿಸಿದ್ದರು. ಕೋಣೆಯ ಕವಲುಗಳ ತುದಿಯಲ್ಲಿರುವ ಬಟ್ಟಲುಗಳು ಕಿಡ್ನಿಯ ಮಾಂಸಕ್ಕೆ ಸೇರುವ ಅಂಚು ಬಹಳ ತೆಳುವು. ಅದರ ಬೆನ್ನಿಗೇ ಅಭಿಧಮನಿಗಳು, ದುಗ್ಧನಾಳಗಳು ಹಾದಿರುತ್ತವೆ. ಒತ್ತಡಕ್ಕೆ ಆ ಅಂಚು ಸೋರುತ್ತದೆ, ಇನ್ನೂ ಹೆಚ್ಚಾದರೆ ಬಿರಿಯುತ್ತದೆ. ಹೃದಯ ಪಂಪು ಮಾಡುವ ರಕ್ತದ ಸುಮಾರು ಐದನೇ ಒಂದು ಪಾಲು ಸದಾ ಕಿಡ್ನಿಗಳ ಮೂಲಕವೇ ಹರಿಯುತ್ತಿರುತ್ತದೆ. ಅಲ್ಲಿ ಒಳಸೇರಿದ್ದು ಒಂದೆರಡು ನಿಮಿಷದಲ್ಲಿ ಇಡೀ ಮೈಗೆ ತಲುಪುತ್ತದೆ.

ಎಷ್ಟಾದರೆ ಅಪಾಯ? ಯುರಾಲಜಿಯಲ್ಲಿ, ಅಂದರೆ ಮೂತ್ರಾಂಗಗಳ ವೈದ್ಯಶಾಖೆಯಲ್ಲಿ, ಎಲ್ಲರೂ ಹೇಳುವ ಅಂಕಿ 30, ಅಂದರೆ 40 ಸೆಂಟಿಮೀಟರ್ ನೀರಿನ ಎತ್ತರ. ಇದನ್ನು ಗೋಡೆ ಎಂದು ತಿಳಿಯಬಾರದು. 29ಕ್ಕೆ ಏನೂ ಆಗದು, 31ಕ್ಕೆ ಅನಾಹುತ ಎಂದೇನಿಲ್ಲ. ಕಿಡ್ನಿಯಿಂದ ಕಿಡ್ನಿಗೆ ಅದು ಬೇರೆಯಾಗುತ್ತದೆ, ಮೊದಲೇ ಸೋಂಕು ತಗಲಿ ಬಾತುಕೊಂಡ ಕಿಡ್ನಿ ಬೇಗ ಸೋರುತ್ತದೆ. ಒಂದು ಕ್ಷಣ 100 ಮುಟ್ಟಿ ಇಳಿಯುವುದಕ್ಕಿಂತ, ಮುಕ್ಕಾಲು ಗಂಟೆ 50ರಲ್ಲೇ ನಿಲ್ಲುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಹೆದರಿಕೆಯ ಸಂಗತಿ, ಏಕೆಂದರೆ ಅದು ಯಾರ ಗಮನಕ್ಕೂ ಬರುವುದಿಲ್ಲ.

ಬರೀ ಸಲೈನ್ ರಕ್ತಕ್ಕೆ ಸೇರಿದರೆ ಗಟ್ಟಿಮುಟ್ಟಾದ ವ್ಯಕ್ತಿ ತಡೆದುಕೊಳ್ಳುತ್ತಾನೆ. ಹೃದಯ ಸೋತವರು, ಕಿಡ್ನಿ ಕೆಲಸ ಕಡಿಮೆಯಾದವರು, ಸಣ್ಣ ಮಕ್ಕಳು ಇವರಿಗೆ ಅದೂ ಭಾರವೇ. ನಿಜವಾದ ಗಂಡಾಂತರ ಆ ನೀರಿನ ಜೊತೆ ಹೋಗುವ ಬ್ಯಾಕ್ಟೀರಿಯಾ ಮತ್ತು ಅವುಗಳ ವಿಷ. ಹರಳು ಹೊರಗಿನಿಂದ ಕಲ್ಲಿನಂತೆ ಕಂಡರೂ ಒಳಗೆ ಪದರ ಪದರ. ಆ ಪದರಗಳಲ್ಲಿ ಸೋಂಕು ವರ್ಷಗಟ್ಟಲೆ ಅಡಗಿ ಕೂರಬಲ್ಲದು. ಕೆಲವು ಹರಳುಗಳು ಹುಟ್ಟುವುದೇ ಸೋಂಕಿನಿಂದ. ಜಿಂಕೆಯ ಕೊಂಬಿನಂತೆ ಕಿಡ್ನಿ ತುಂಬ ಕವಲೊಡೆದು ಬೆಳೆಯುವ ಹರಳು ಎಷ್ಟೋ ಸಲ ಈ ಜಾತಿಯದು. ಮೂತ್ರಕೋಶದಿಂದ ಬಂದ ಮೂತ್ರವನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವ ಪರೀಕ್ಷೆಗೆ) ಕಳಿಸಿದರೆ ಏನೂ ಇಲ್ಲವೆಂದು ವರದಿ ಬರಬಹುದು, ಅದೇ ರೋಗಿಯ ಹರಳಿನ ಚೂರನ್ನು ಕಳಿಸಿದರೆ ಬ್ಯಾಕ್ಟೀರಿಯಾ ಬೆಳೆಯಬಹುದು. ಲೇಸರ್‌ನಿಂದ ಅಂಥ ಹರಳನ್ನು ಪುಡಿ ಮಾಡುವುದೆಂದರೆ ಕಟ್ಟಿಟ್ಟ ವಿಷದ ಗಂಟನ್ನು ಬಿಚ್ಚಿ ನೀರಿಗೆ ಕಲಸಿದಂತೆ. ಆ ನೀರು ಹೊರಗೆ ಬಂದರೆ ಬಚಾವು. ಹಿಂದಕ್ಕೆ ಹರಿದರೆ?

ಅದಕ್ಕೆ ಉತ್ತರವನ್ನು ನಾನು ನಮ್ಮ ಮನೆಯಲ್ಲೇ ನೋಡಿದೆ. ನನ್ನ ದೊಡ್ಡವ್ವ ಲಕ್ಷ್ಮೇಶ್ವರದ ಕಡೆಯ ಹಳ್ಳಿಯವಳು, ಸಕ್ಕರೆ ಕಾಯಿಲೆ ಇದೆ. ವರ್ಷಗಟ್ಟಲೆ ಬೆನ್ನುನೋವಿಗೆ ಕಾಡುಬಸಳೆ ಎಲೆ ತಿಂದು, ಹುರುಳಿ ಕಟ್ಟು ಕುಡಿದು, ಕೊನೆಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಪ್ಪಿದಳು. "ಕೊಯ್ಯೂದಿಲ್ಲಂತಪಾ ತಮ್ಮಾ, ಲೇಸರ್ ಅಂತ, ನಾಳೆನ ಮನಿಗೆ ಕಳಸ್ತಾರಂತ" ಎಂದು ಫೋನಿನಲ್ಲಿ ಹೇಳಿದಾಗ ಅವಳ ದನಿಯಲ್ಲಿ ಖುಷಿ ಇತ್ತು. ಮೂತ್ರದ ಸಾದಾ ಪರೀಕ್ಷೆ ಆಗಿತ್ತು, ಕಲ್ಚರ್ ಆಗಿರಲಿಲ್ಲ. ಎರಡು ತಾಸು ಮೀರಿ ನಡೆದ ಆಪರೇಷನ್ "ಚೊಲೋ ಆಯ್ತು" ಎಂದರು. ಸಂಜೆ ಏಳಕ್ಕೆ ಚಳಿ ಹತ್ತಿತು. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗುವಂತೆ ನಡುಗುತ್ತಿದ್ದಳು. ಒಂಬತ್ತರ ಹೊತ್ತಿಗೆ ಬಿ.ಪಿ. ಮೇಲಿನ ಅಂಕಿ 80ಕ್ಕೆ ಇಳಿದಿತ್ತು, ನಾನು ಹೋಗಿ ಹೆಸರು ಹೇಳಿದರೂ ಗುರುತು ಹತ್ತಲಿಲ್ಲ. ನಾಲ್ಕು ದಿನ ಐಸಿಯು. ಬದುಕಿ ಬಂದಳು. ಒಳಗಿನ ಒತ್ತಡವೇ ಅದಕ್ಕೆ ಕಾರಣವೆಂದು ನಾನು ಬೆರಳು ತೋರಿಸಲಾರೆ, ಏಕೆಂದರೆ ಅದನ್ನು ಯಾರೂ ಅಳೆದಿರಲಿಲ್ಲ. ಆ ನಾಲ್ಕು ರಾತ್ರಿ ನನ್ನನ್ನು ಮಲಗಗೊಡದಿದ್ದದ್ದೂ ಅದೇ. ನನ್ನ ಹೆಬ್ಬೆರಳು ಎಷ್ಟು ಜನರಿಗೆ ಹೀಗೆ ಮಾಡಿರಬಹುದು?

ಪ್ರಮಾಣ ತಪ್ಪಿ ಹೆದರಿಸುವುದು ನನ್ನ ಉದ್ದೇಶವಲ್ಲ. ಜಗತ್ತಿನ 96 ಆಸ್ಪತ್ರೆಗಳ 5,803 ಪಿಸಿಎನ್ಎಲ್ ರೋಗಿಗಳ ಲೆಕ್ಕ 2011ರಲ್ಲಿ ಪ್ರಕಟವಾಯಿತು. ಆಪರೇಷನ್ ನಂತರ ಜ್ವರ ಬಂದವರು ನೂರಕ್ಕೆ ಸುಮಾರು ಹತ್ತು ಜನ. ಜ್ವರ ಬಂದವರಲ್ಲಿ ಬಹುಪಾಲು ಜನ ಔಷಧಕ್ಕೆ ಸುಧಾರಿಸುತ್ತಾರೆ, ಸೋಂಕು ರಕ್ತಕ್ಕೇರಿ ಪ್ರಾಣಕ್ಕೆ ಕುತ್ತು ಬರುವುದು ಅದರಲ್ಲಿ ಸಣ್ಣ ಭಾಗಕ್ಕೆ. ಆದರೆ ಈ ಆಪರೇಷನ್ನಿನಿಂದ ಸಾವು ಬಂದರೆ ಅದು ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಸಣ್ಣ ತೂತಿನ ಲೆಕ್ಕ

ಬೆನ್ನಿನಿಂದ ದಾರಿ ಮಾಡಿ ಹರಳು ತೆಗೆದದ್ದನ್ನು ಸ್ವೀಡನ್ನಿನ ಫರ್ನ್‌ಸ್ಟ್ರಮ್ ಮತ್ತು ಯೊಹಾನ್ಸನ್ ಮೊದಲು ವರದಿ ಮಾಡಿದ್ದು 1976ರಲ್ಲಿ. ಅದಕ್ಕೂ ಮುಂಚೆ ಪಕ್ಕೆಯನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಕೊಳವೆಯ ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ, 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ಹಳೆಯ ಪದ್ಧತಿಯ ಕೊಳವೆ 24ರಿಂದ 30 ಫ್ರೆಂಚ್, ಅಂದರೆ 8ರಿಂದ 10 ಮಿಲಿಮೀಟರ್. "ಮಿನಿ" ಎನ್ನುವುದು ಹೆಚ್ಚುಕಡಿಮೆ 5ರಿಂದ 7 ಮಿಲಿಮೀಟರ್. 2011ರಲ್ಲಿ ಗುಜರಾತಿನ ನಡಿಯಾದ್‌ನ ಮೂಲ್ಜಿಭಾಯ್ ಪಟೇಲ್ ಯುರಾಲಜಿ ಆಸ್ಪತ್ರೆಯ ವೈದ್ಯರು 4.85 ಫ್ರೆಂಚ್‌ನ, ಅಂದರೆ ಬರೀ 1.6 ಮಿಲಿಮೀಟರ್ ದಪ್ಪದ ಸೂಜಿಯೊಳಗಿಂದಲೇ ಹರಳು ಒಡೆದು ತೋರಿಸಿದರು. ನಮ್ಮ ದೇಶಕ್ಕೆ ಹೆಮ್ಮೆಯ ಸಂಗತಿಯೇ.

ದಾರಿ ಸಣ್ಣದಾದಷ್ಟೂ ರಕ್ತ ಕಡಿಮೆ ಹೋಗುತ್ತದೆ, ನೋವು ಕಡಿಮೆ, ಮನೆಗೆ ಹೋಗುವುದೂ ಬೇಗ. ಇವೆಲ್ಲ ನಿಜ. ಆದರೆ ಒಳಗೆ ಹೋದ ನೀರು ಹೊರಬೀಳಬೇಕಾದದ್ದೂ ಅದೇ ದಾರಿಯಲ್ಲಿ. ಹೊಲಕ್ಕೆ ಪೈಪು ಹಾಕಿಸಿದ ಯಾವ ರೈತನಿಗಾದರೂ ಗೊತ್ತು, ಎರಡಿಂಚಿನ ಪೈಪನ್ನು ಒಂದಿಂಚಿಗೆ ಇಳಿಸಿದರೆ ನೀರು ಅರ್ಧಕ್ಕಲ್ಲ, ಎಷ್ಟೋ ಪಾಲು ಕೆಳಗಿಳಿಯುತ್ತದೆ. ಸುಳಿಯಿಲ್ಲದೆ ಸಾವಕಾಶ ಹರಿಯುವ ನೀರಿಗಾದರೆ ಪೈಪಿನ ವ್ಯಾಸ ಅರ್ಧವಾದಾಗ ಹರಿವು ಹದಿನಾರನೇ ಒಂದು ಪಾಲಿಗೆ ಬೀಳುತ್ತದೆಂದು ಭೌತಶಾಸ್ತ್ರ ಹೇಳುತ್ತದೆ. ಸಣ್ಣ ತೂತು ಚರ್ಮಕ್ಕೆ ಒಳ್ಳೆಯದು. ಒಳಗಿನ ಕೋಣೆಗೂ ಒಳ್ಳೆಯದಾಗಬೇಕಾದರೆ ನೀರು ಹೊರಬರಲು ಬೇರೆ ಏರ್ಪಾಟು ಬೇಕು.

ತೂತೇ ಇಲ್ಲದೆ, ಮೂತ್ರದ ದಾರಿಯಲ್ಲೇ ಬಾಗುವ ಸ್ಕೋಪನ್ನು (ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆಯನ್ನು) ಏರಿಸಿ ಮಾಡುವ ಆರ್‌ಐಆರ್‌ಎಸ್‌ನಲ್ಲಿ ಈ ಇಕ್ಕಟ್ಟು ಇನ್ನೂ ಹೆಚ್ಚು. ಸ್ಕೋಪಿನೊಳಗೆ ನೀರು ಹೋಗುವ ಕಾಲುವೆ 1.2 ಮಿಲಿಮೀಟರ್ ಅಗಲದ್ದು. ಲೇಸರ್ ತಂತಿಯೂ ಅದರಲ್ಲೇ ತೂರಬೇಕು. ತಂತಿ ತೂರಿದ ತಕ್ಷಣ ಹರಿವು ಇಳಿಯುತ್ತದೆ, ಪರದೆ ಮಂಜಾಗುತ್ತದೆ, ಆಗಲೇ "ಏರಸ್ರಿ", "ಒತ್ರಿ" ಎಂಬ ಮಾತು ಬರುವುದು. ಸರ್ಜನ್ನರದು ತಪ್ಪೆನ್ನಲಾಗದು, ಕಾಣದೆ ಲೇಸರ್ ಬಿಡುವುದು ಅದಕ್ಕಿಂತ ದೊಡ್ಡ ಅಪಾಯ.

ಇನ್ನು ಹೊರದಾರಿ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದಲ್ಲಿ ಮೊದಲು ಒಂದು ಹೊರಕೊಳವೆ ಕೂರಿಸಿ (ಓಟಿಯಲ್ಲಿ ಶೀತ್ ಎನ್ನುತ್ತೇವೆ), ಅದರೊಳಗೆ ಸ್ಕೋಪ್ ಓಡಾಡಿಸುತ್ತಾರೆ. ಸ್ಕೋಪಿಗೂ ಶೀತ್‌ಗೂ ನಡುವೆ ಉಳಿದ ಸಂದಿಯಿಂದಲೇ ನೀರು ಇಳಿದು ಬರಬೇಕು. 9.5 ಫ್ರೆಂಚ್ ದಪ್ಪದ ಸ್ಕೋಪನ್ನು ಒಳವ್ಯಾಸ 10 ಫ್ರೆಂಚ್ ಇರುವ ಶೀತ್‌ನಲ್ಲಿ ತೂರಿಸಿದರೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಅದೇ ಸ್ಕೋಪಿಗೆ 12 ಫ್ರೆಂಚ್ ಶೀತ್ ಹಾಕಿದರೆ ಸಂದಿಯ ವಿಸ್ತೀರ್ಣ ಐದೂವರೆ ಪಟ್ಟು ಹೆಚ್ಚುತ್ತದೆ. ಎರಡು ಫ್ರೆಂಚ್, ಅಂದರೆ ಮುಕ್ಕಾಲು ಮಿಲಿಮೀಟರ್‌ಗೂ ಕಡಿಮೆ ವ್ಯತ್ಯಾಸಕ್ಕೆ! ಸ್ಕೋಪಿನ ದಪ್ಪ ಶೀತ್‌ನ ಒಳವ್ಯಾಸದ ಮುಕ್ಕಾಲು ಭಾಗ ಮೀರದಂತೆ ನೋಡಿಕೊಳ್ಳಿ ಎಂದು ಈಗ ಯುರಾಲಜಿಸ್ಟರು ಹೇಳುವುದು ಇದಕ್ಕೇ. 7.5 ಫ್ರೆಂಚ್‌ನ ತೆಳು ಸ್ಕೋಪುಗಳು ಬಂದಿರುವುದರಿಂದ ಈ ಲೆಕ್ಕ ಈಗ ಹೊಂದಿಸಲು ಸುಲಭ.

ದೊಡ್ಡ ಶೀತ್‌ನ್ನೇ ಎಲ್ಲರಿಗೂ ಹಾಕಬಾರದೇ ಎಂದರೆ, ಎಲ್ಲರ ಮೂತ್ರನಾಳವೂ ಅದಕ್ಕೆ ಜಾಗ ಕೊಡುವುದಿಲ್ಲ. ಜೋರು ಮಾಡಿದರೆ ನಾಳ ಹರಿಯುತ್ತದೆ. ಅಂಥ ಕಡೆ ಒಳ್ಳೆಯ ಸರ್ಜನ್ ಕೆಲಸ ನಿಲ್ಲಿಸಿ, ಡಿಜೆ ಸ್ಟೆಂಟ್ ಎಂಬ ಮೆದು ಕೊಳವೆ ಇಟ್ಟು, ನಾಳ ತಾನಾಗಿ ಅಗಲವಾಗಲಿ ಎಂದು ಒಂದೆರಡು ವಾರ ಬಿಟ್ಟು ಬರಹೇಳುತ್ತಾರೆ. ಹೊರಗಿನ ಬೆಂಚಿನಲ್ಲಿ ಆಗ ಏಳುವ ಸಿಟ್ಟನ್ನು ನಾನು ಬಹಳ ಸಲ ಎದುರಿಸಿದ್ದೇನೆ. "ಬರೇ ಸ್ಟೆಂಟ್ ಹಾಕಿ ಕಳಸ್ತೀರೇನು? ಹರಳು ಹಂಗ ಐತಿ, ಬಿಲ್ಲು ಎರಡು!" ಅವರ ಸಂಕಟ ನನಗೆ ಅರ್ಥವಾಗುತ್ತದೆ, ಹಾವೇರಿಯಿಂದ ಎರಡು ಸಲ ಬರುವುದೆಂದರೆ ಇಬ್ಬರ ದಿನಗೂಲಿ ಎರಡು ಸಲ ಹೋದಂತೆ. ಆದರೂ ಹೇಳುತ್ತೇನೆ, ನಿಲ್ಲಿಸುವ ಧೈರ್ಯ ಮಾಡಿದ ಸರ್ಜನ್ ನಿಮ್ಮ ಮನೆಯವರಿಗೆ ಉಪಕಾರ ಮಾಡಿದ್ದಾರೆ. ಪಿಸಿಎನ್ಎಲ್‌ಗೆಂದು ಬೆನ್ನಿನಿಂದ ಸೂಜಿ ಚುಚ್ಚಿದಾಗ ಕಿಡ್ನಿಯಿಂದ ಕೀವು ಬಂದರೂ ಅಷ್ಟೇ, ಕೀವು ಬಸಿಯಲು ಒಂದು ನಳಿಕೆ ಇಟ್ಟು, ಸೋಂಕಿಗೆ ಔಷಧ ಕೊಟ್ಟು, ಹರಳನ್ನು ಇನ್ನೊಂದು ದಿನಕ್ಕೆ ಬಿಡುವುದೇ ಸರಿ.

ಹಾಗಿದ್ದರೆ ನೀರನ್ನೇ ಕಡಿಮೆ ಮಾಡಿದರಾಯಿತು ಎಂದು ಅನ್ನಿಸಬಹುದು. ಅಲ್ಲಿ ಇನ್ನೊಂದು ತೊಡಕಿದೆ. ಲೇಸರ್‌ನ ಶಕ್ತಿಯ ದೊಡ್ಡ ಪಾಲು ಕೊನೆಗೆ ಬಿಸಿಯಾಗಿಯೇ ಉಳಿಯುತ್ತದೆ. 20 ವ್ಯಾಟ್‌ನಲ್ಲಿ ಒಂದು ನಿಮಿಷ ಲೇಸರ್ ಓಡಿಸಿದರೆ 1,200 ಜೂಲ್. ಎರಡು ಚಮಚ ನಿಂತ ನೀರಿಗೆ ಅಷ್ಟೂ ಸೇರಿದರೆ ತಾಪ ಸುಮಾರು 29 ಡಿಗ್ರಿ ಏರಬೇಕು. ಮೈಯ 37ಕ್ಕೆ ಅದನ್ನು ಕೂಡಿಸಿದರೆ 66. ಸುತ್ತಲಿನ ರಕ್ತ ಸ್ವಲ್ಪ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅಷ್ಟಾಗಲಿಕ್ಕಿಲ್ಲ. ಆದರೆ 43 ಡಿಗ್ರಿ ದಾಟಿದರೆ ಅಂಗಾಂಶಕ್ಕೆ ಸುಟ್ಟ ಪೆಟ್ಟು ಶುರುವಾಗುತ್ತದೆಂಬುದನ್ನು ಮರೆಯುವಂತಿಲ್ಲ. ನೀರು ಹರಿಯುತ್ತಲೇ ಇರಬೇಕು. ಲೇಸರ್‌ನ್ನು ನಡುನಡುವೆ ಬಿಡುವು ಕೊಟ್ಟು ಬಳಸಬೇಕು. ಪಿಸಿಎನ್ಎಲ್‌ನಲ್ಲಿ ಹತ್ತಾರು ಲೀಟರ್ ಹರಿಯುವುದರಿಂದ ತಣ್ಣನೆಯ ಸಲೈನ್ ಬಿಟ್ಟರೆ ಮೈಯೇ ತಣ್ಣಗಾಗುತ್ತದೆ, ಅಲ್ಲಿ ಬೆಚ್ಚಗೆ ಮಾಡಿ ಬಿಡುತ್ತೇವೆ. ಧಾರವಾಡದ ಡಿಸೆಂಬರಿನಲ್ಲಿ ಇದನ್ನು ಮರೆತರೆ ರೋಗಿ ಹೊರಬಂದ ಕೂಡಲೇ ನಡುಗುತ್ತಾನೆ, ಆ ನಡುಕ ಚಳಿಯದೋ ಸೋಂಕಿನದೋ ಎಂದು ತಿಳಿಯದೆ ಎಲ್ಲರೂ ಗಾಬರಿಯಾಗುತ್ತೇವೆ. ಬಾಗುವ ಸ್ಕೋಪಿನಿಂದ ಲೇಸರ್ ಮಾಡುವಾಗಲಾದರೆ ಬೆಚ್ಚಗೆ ಮಾಡದ, ಓಟಿಯ ಗಾಳಿಯಷ್ಟೇ ತಾಪದ ಸಲೈನ್ ಒಳ್ಳೆಯದು ಮಾಡುತ್ತದೆ. ಒಂದೇ ಚೀಲ, ಎರಡು ಕೆಲಸಕ್ಕೆ ಎರಡು ಲೆಕ್ಕ.

ಹೊಸ ಸಾಧನಗಳು, ಹಳೆಯ ಪ್ಯಾಕೇಜು

ಈ ಕೆಲ ವರ್ಷಗಳಲ್ಲಿ ಬಂದ ಬದಲಾವಣೆಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು ಹೀರುವ ಶೀತ್. ಶೀತ್‌ಗೆ ಪಕ್ಕದಲ್ಲಿ ಒಂದು ಬಾಯಿ, ಅದಕ್ಕೆ ಸಕ್ಷನ್ ಪೈಪು. ನೀರು ಒಂದು ಕಡೆ ಹೋಗುತ್ತಿದ್ದಂತೆ ಇನ್ನೊಂದು ಕಡೆ ಎಳೆದುಕೊಳ್ಳುತ್ತದೆ, ಹರಳಿನ ಪುಡಿಯೂ ಅದರ ಜೊತೆ ಬಾಟಲಿಗೆ ಬೀಳುತ್ತದೆ. ತುದಿ ಬಾಗುವ ಮಾದರಿಗಳು ಕಿಡ್ನಿಯ ಒಳಗಿನ ಬಟ್ಟಲಿನವರೆಗೂ ಸ್ಕೋಪಿನ ಜೊತೆ ಹೋಗುತ್ತವೆ. ಒಳಗಿನ ಒತ್ತಡ ಇಳಿಯುತ್ತದೆ, ಆಪರೇಷನ್ ನಂತರದ ಜ್ವರ ಕಡಿಮೆಯಾಗುತ್ತದೆ, ಹರಳಿನ ಚೂರು ಉಳಿಯುವುದೂ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಇದೂ ಮಂತ್ರದಂಡವಲ್ಲ. ಒಂದು ದಪ್ಪ ಚೂರು ಬಾಯಿಗೆ ಅಡ್ಡ ಕೂತರೆ ಸಕ್ಷನ್ ನಿಂತು, ಒಳಹರಿವು ಮಾತ್ರ ನಡೆದಿರುತ್ತದೆ. ಬಾಟಲಿಗೆ ಹನಿ ಬೀಳುವುದು ನಿಂತಿತೆಂದು ಮೊದಲು ಗಮನಿಸಬೇಕಾದವರು ನಮ್ಮಂಥವರು.

ತುದಿಯಲ್ಲೇ ಒತ್ತಡದ ಮಾಪಕ ಇರುವ ಸ್ಕೋಪುಗಳೂ ಬಂದಿವೆ, ಕೆಲಸ ನಡೆದಂತೆ ಪರದೆಯ ಮೂಲೆಯಲ್ಲಿ ಅಂಕಿ ಕಾಣುತ್ತದೆ. ಇದಕ್ಕೂ ನೀರು ಬಿಡುವ ಯಂತ್ರದ ಮೇಲಿನ ಅಂಕಿಗೂ ವ್ಯತ್ಯಾಸ ತಿಳಿದಿರಬೇಕು. ಯಂತ್ರ ತೋರಿಸುವುದು ತಾನು ಎಷ್ಟು ಜೋರಿನಿಂದ ತಳ್ಳುತ್ತಿದ್ದೇನೆ ಎಂಬುದನ್ನು; ಕಿಡ್ನಿ ಎಷ್ಟು ತಡೆದುಕೊಳ್ಳುತ್ತಿದೆ ಎಂಬುದನ್ನಲ್ಲ.

ದುಡ್ಡಿನ ಮಾತು ಬಿಡುವಂತಿಲ್ಲ. 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಗದಗ, ಹಾವೇರಿಯ ಎಷ್ಟೋ ಮನೆಗಳಿಗೆ ಇದು ದೊಡ್ಡ ಆಸರೆ. ಆದರೆ ಯೋಜನೆಯಲ್ಲಿ ಪ್ರತಿ ಆಪರೇಷನ್ನಿಗೂ ಕಟ್ಟಿದ ದರ. ಒಮ್ಮೆ ಬಳಸಿ ಎಸೆಯುವ ಸಾಮಾನುಗಳ ಖರ್ಚೂ ಅದರಲ್ಲೇ ಸರಿದೂಗಬೇಕು. ಆಗ ಕಣ್ಣಿಗೆ ಕಾಣುವ ಲೇಸರ್ ಉಳಿಯುತ್ತದೆ, ಕಾಣದ ಶೀತ್‌ನಲ್ಲಿ ಉಳಿತಾಯ ನಡೆಯುವ ಆಸೆ ಹುಟ್ಟುತ್ತದೆ. ಮೂತ್ರದ ಕಲ್ಚರ್, ಹರಳಿನ ಕಲ್ಚರ್ ಮತ್ತು ಒಳ್ಳೆಯ ಶೀತ್‌ಗೆ ಪ್ಯಾಕೇಜಿನ ಹೊರಗೆ ಬೇರೆ ದುಡ್ಡು ಕೊಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಐಸಿಯುದ ನಾಲ್ಕು ದಿನದ ಬಿಲ್ಲನ್ನು ಸ್ವತಃ ಕಟ್ಟಿ ಹೇಳುತ್ತಿದ್ದೇನೆ, ಅದರ ಮುಂದೆ ಇವೆಲ್ಲ ಏನೂ ಅಲ್ಲ.

ಕಲ್ಚರ್ ವರದಿ ಬರಲು ಎರಡು-ಮೂರು ದಿನ ಬೇಕು. ನಮ್ಮಲ್ಲಿ ಅದು ತಪ್ಪಿಹೋಗುವುದು ಬಹಳ ಸಲ ಈ ದಿನಗಳ ಕಾರಣಕ್ಕೇ. ಹಳ್ಳಿಯಿಂದ ಬಂದವರು "ಇವತ್ತ ಅಡ್ಮಿಟ್, ನಾಳೆ ಆಪರೇಷನ್" ಬಯಸುತ್ತಾರೆ, ಆಸ್ಪತ್ರೆಗೂ ಅದೇ ಅನುಕೂಲ. ಚಿಕಿತ್ಸೆಗೆ ಮುಂಚೆ ಮೂತ್ರದ ಕಲ್ಚರ್ ಇಲ್ಲವೇ ಸೂಕ್ಷ್ಮದರ್ಶಕ ಪರೀಕ್ಷೆ ಮಾಡಿ, ಸೋಂಕಿದ್ದರೆ ಮೊದಲು ಅದನ್ನು ವಾಸಿ ಮಾಡಿ ಎಂದು ಯುರೋಪಿನ ಯುರಾಲಜಿ ಸಂಘದ ಮಾರ್ಗಸೂಚಿ ಹೇಳುತ್ತದೆ. 2 ಸೆಂಟಿಮೀಟರ್‌ಗಿಂತ ದೊಡ್ಡ ಹರಳಿಗೆ ಪಿಸಿಎನ್ಎಲ್ ಮೊದಲ ಆಯ್ಕೆ ಎಂದೂ ಅದರಲ್ಲಿದೆ. "ಕೊಯ್ಯೂದಿಲ್ಲ" ಎಂಬ ಒಂದೇ ಮಾತಿಗೆ ಒಲಿದು ದೊಡ್ಡ ಹರಳನ್ನು ತೆಳು ಸ್ಕೋಪಿನಿಂದ ಎರಡೆರಡು ತಾಸು ಪುಡಿ ಮಾಡಿಸಿಕೊಳ್ಳುವುದಕ್ಕಿಂತ, ಬೆನ್ನಿನ ಒಂದು ಸೆಂಟಿಮೀಟರ್ ಗಾಯ ಎಷ್ಟೋ ಸಲ ಮೇಲು. ಹೊತ್ತು ಹೆಚ್ಚಾದಷ್ಟೂ ಸೋಂಕಿನ ಸಾಧ್ಯತೆ ಏರುತ್ತದೆ. ಒಂದೂವರೆ ತಾಸು ದಾಟುತ್ತಿದ್ದರೆ ಉಳಿದದ್ದನ್ನು ಇನ್ನೊಂದು ಸಲಕ್ಕೆ ಬಿಡುವ ಸರ್ಜನ್ನರನ್ನು ನಾನು ಗೌರವಿಸುತ್ತೇನೆ.

ಮನೆಗೆ ಬೇಗ ಕಳಿಸುವುದರಲ್ಲೂ ಒಂದು ತೊಡಕಿದೆ. ಈ ಸೋಂಕು ಎದ್ದೇಳುವುದು ಹೆಚ್ಚಾಗಿ ಮೊದಲ ಒಂದೆರಡು ದಿನಗಳಲ್ಲಿ. ಆ ಹೊತ್ತಿಗೆ ರೋಗಿ ರೋಣದಲ್ಲೋ ಸವಣೂರಿನಲ್ಲೋ ಇರುತ್ತಾನೆ. ರಾತ್ರಿ ಚಳಿ ಹತ್ತಿದರೆ ಮನೆಯವರು ಕಷಾಯ ಕೊಟ್ಟು, ಜ್ವರದ ಗುಳಿಗೆ ನುಂಗಿಸಿ, ಬೆಳಗಿನ ಬಸ್ಸಿಗೆ ಕಾಯುತ್ತಾರೆ. ಹರಳಿನ ಆಪರೇಷನ್ ಆದವರಿಗೆ ಚಳಿ ಹತ್ತಿ ನಡುಕ ಬಂದರೆ, ಉಸಿರು ಜೋರಾದರೆ, ಮಾತು ತೊದಲಿದರೆ, ಮೂತ್ರ ನಿಂತರೆ ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಪರೇಷನ್ ಮಾಡಿದ ಆಸ್ಪತ್ರೆಗೂ ಅದೇ ಹೊತ್ತಿಗೆ ತಿಳಿಸಿ. ಈ ಸೋಂಕಿನಲ್ಲಿ ಸರಿಯಾದ ಆಂಟಿಬಯೋಟಿಕ್ ಒಂದು ತಾಸು ಮೊದಲು ಹೋಗುವುದಕ್ಕೂ ತಡವಾಗಿ ಹೋಗುವುದಕ್ಕೂ ಪ್ರಾಣದಷ್ಟು ಅಂತರ ಇರಬಹುದು.

ನಮ್ಮ ಭಾಗದವರು ಈ ಓಟಿಗೆ ಬರುವ ಹೊತ್ತಿಗೆ ಹರಳು ದೊಡ್ಡದಾಗಿ, ಸೋಂಕು ಹಿಡಿದು, ಕಿಡ್ನಿ ಬಾತಿರುವುದೇಕೆ ಎಂಬುದು ಬೇರೆಯೇ ಲೇಖನವಾದೀತು. ಎಲ್ಲರೂ ಬೋರಿನ ಸವಳು ನೀರನ್ನು ಬೈಯುತ್ತಾರೆ. ಸವಳು ನೀರಿಗಿಂತ, ನೀರು ಕಡಿಮೆ ಕುಡಿಯುವುದು ದೊಡ್ಡ ಕಾರಣ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ನೀರು ಕುಡಿಯಬೇಕೆಂದು ಡಾಕ್ಟರು ಹೇಳುತ್ತಾರೆ. ಬಿಸಿಲಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣುಮಕ್ಕಳಿಗೆ ಅದು ಹೇಗೆ ಸಾಧ್ಯ? ದೊಡ್ಡವ್ವ ನನಗೆ ಕೊಟ್ಟ ಉತ್ತರ ಇಷ್ಟೇ: "ನೀರು ಕುಡಿ ಅಂತೀಯಲ್ಲೋ ತಮ್ಮಾ, ಕುಡದ ಮ್ಯಾಲ ಹೊಲದಾಗ ಎಲ್ಲಿಗೆ ಹೋಗ್ಲಿ?"

ಅವಳ ಕಿಡ್ನಿಯಲ್ಲಿ ಚೂರುಗಳು ಉಳಿದಿದ್ದವು. ಎರಡು ತಿಂಗಳ ಮೇಲೆ ನಾನು ಕೆಲಸ ಮಾಡುವಲ್ಲೇ ಎರಡನೇ ಸಲ ಮಾಡಿಸಿದೆವು. ಕಲ್ಚರ್ ಮೊದಲೇ ಆಗಿತ್ತು, ಅದಕ್ಕೆ ತಕ್ಕ ಔಷಧ ಐದು ದಿನ ಹೋಗಿತ್ತು. ಮೊದಲ ಆಪರೇಷನ್ನಿನಲ್ಲಿ ಇಟ್ಟ ಸ್ಟೆಂಟ್‌ನಿಂದ ನಾಳ ಅಗಲವಾಗಿದ್ದರಿಂದ 12 ಫ್ರೆಂಚ್ ಶೀತ್ ಸಲೀಸಾಗಿ ಕೂತಿತು. ಸ್ಟ್ಯಾಂಡಿಗೆ ನಾನು ಬಿಳಿ ಪ್ಲಾಸ್ಟರ್ ಪಟ್ಟಿಯ ಗುರುತು ಹಚ್ಚಿದ್ದೆ, ಕಿಡ್ನಿಯ ಮಟ್ಟದಿಂದ ಟೇಪು ಹಿಡಿದು ಅಳೆದ ಗುರುತು. ಟೇಬಲ್ ಏರಿಸಿದರೆ, ಇಳಿಸಿದರೆ ಆ ಗುರುತು ಸುಳ್ಳಾಗುತ್ತದೆ, ಮತ್ತೆ ಅಳೆಯಬೇಕು. ಎರಡು ಸಲ ಅಳೆದೆ. ನಡುವೆ ಪುಡಿ ಎದ್ದು ಪರದೆ ಮಂಜಾಯಿತು. ಸರ್ಜನ್ನರು ನನ್ನ ಕಡೆ ನೋಡಿದರು, ನಾನು ಪಟ್ಟಿಯ ಕಡೆ ನೋಡಿದೆ. ಅವರು ಲೇಸರ್‌ನ ಪೆಡಲ್‌ನಿಂದ ಕಾಲು ತೆಗೆದು, ಸ್ಕೋಪನ್ನು ಸ್ವಲ್ಪ ಹಿಂದಕ್ಕೆಳೆದು, "ಇರಲಿ, ಒಂದ್ ನಿಮಿಷ ಕಾಯೋಣ" ಎಂದರು. ಶೀತ್‌ನ ಬಾಯಿಂದ ಬೂದು ಬಣ್ಣದ ನೀರು ತೊಟ್ಟಿಕ್ಕುತ್ತ, ಆಮೇಲೆ ತಿಳಿಯಾಗುತ್ತ ಕೆಳಗಿನ ಚೀಲಕ್ಕೆ ಇಳಿಯತೊಡಗಿತು.